ದಾದಿಯರ ತಿಳಿವಳಿಕೆಗೆ ಚರಿತ್ರೆ ಇಲ್ಲವೇ?

ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಎಂದು ಎರಡು ಭಾಷೆಗಳಲ್ಲಿ ಓದು ಕಲಿತ ನಮ್ಮಂಥವರಿಗೆ ಬಾಲ್ಯದಲ್ಲಿ ಕೆಲವು ಶಬ್ದಗಳು ಕಾಲಿಗೆ ತೊಡರುತ್ತಿದ್ದವು. ಅಂಥದೊಂದು ಶಬ್ದ ‘ದಾದಿ’. ನಮ್ಮ ಮನೆಯಲ್ಲಿ ದಾದಿ ಎಂದರೆ ಅಪ್ಪನ ತಾಯಿ. ಕನ್ನಡ ಪಾಠದಲ್ಲಿ ದಾದಿ ಎಂದರೆ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಹೆಂಗಸು. ಮೇಷ್ಟ್ರು ಅರ್ಥ ಹೇಳಿದಾಗ ನಮ್ಮ ಅಜ್ಜಿ ಬಿಳಿ ಸೀರೆ ಉಟ್ಟು ಇಂಜೆಕ್ಷನ್ ಹಿಡಿದು ನಿಂತ ಚಿತ್ರ ಕಣ್ಣಮುಂದೆ ಬಂದು ನಗು ತಡೆಯಲಾಗಿರಲಿಲ್ಲ. ಈಗ ಯೋಚಿಸಿದರೆ ಆ ತಪ್ಪು ತಿಳಿವಳಿಕೆಯಲ್ಲಿ ಅಷ್ಟೇನೂ ತಪ್ಪಿರಲಿಲ್ಲ ಅನ್ನಿಸುತ್ತದೆ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ರಾತ್ರಿಯೆಲ್ಲ ಹಣೆಯ ಮೇಲೆ ಒದ್ದೆಬಟ್ಟೆ ಬದಲಿಸುತ್ತ ಕೂರುತ್ತಿದ್ದವರು ಅಜ್ಜಿಯೇ.

ಉರ್ದುವಿನಲ್ಲಿ ಇನ್ನೆರಡು ಶಬ್ದಗಳಿವೆ. ಒಂದು ‘ಅಯಾದತ್’, ಅಂದರೆ ರೋಗಿಯನ್ನು ನೋಡಿ ಮಾತಾಡಿಸಿ ಬರುವುದು. ಇನ್ನೊಂದು ‘ತೀಮಾರ್‌ದಾರಿ’, ಅಂದರೆ ರೋಗಿಯ ಪಕ್ಕದಲ್ಲೇ ಉಳಿದು ಶುಶ್ರೂಷೆ ಮಾಡುವುದು. ಅಯಾದತ್ ಪುಣ್ಯದ ಕೆಲಸವೆಂದು ನಮಗೆಲ್ಲ ಗೊತ್ತು. ಹಣ್ಣಿನ ಚೀಲ ಹಿಡಿದು ಹೋಗಿ, ದುವಾ ಮಾಡಿ, ಮನೆಗೆ ಮರಳುತ್ತೇವೆ. ತೀಮಾರ್‌ದಾರಿ ಮಾಡುವವರು ಅಲ್ಲೇ ಉಳಿಯುತ್ತಾರೆ. ನಮ್ಮ ಚರಿತ್ರೆಯ ಪುಸ್ತಕಗಳೂ ಅಯಾದತ್‌ಗೆ ಹೋದವರಂತೆಯೇ ನಡೆದುಕೊಂಡಿವೆ. ವೈದ್ಯರ ಹೆಸರು ಬರೆದಿವೆ, ಯಂತ್ರ ಕಂಡುಹಿಡಿದವರ ಹೆಸರು ಬರೆದಿವೆ, ಆಸ್ಪತ್ರೆಯ ಕಲ್ಲಿನ ಮೇಲೆ ಮಂತ್ರಿಗಳ ಹೆಸರೂ ಇದೆ. ರೋಗಿಯ ಪಕ್ಕ ಉಳಿದವರು ಏನನ್ನು ಬಲ್ಲರು, ಅದನ್ನು ಹೇಗೆ ಕಲಿತರು ಎಂಬುದನ್ನು ಯಾರೂ ಬರೆದಿಡಲಿಲ್ಲ.

ಕೊಳ್ಳೇಗಾಲ, ಹನೂರು, ಯಳಂದೂರು ತಾಲೂಕುಗಳ ಈ ನಮ್ಮ ಸೀಮೆಯಲ್ಲಿ ಈಗ ಯಾವ ಓಣಿಯಲ್ಲಿ ವಿಚಾರಿಸಿದರೂ ‘ಡಯಾಲಿಸಿಸ್’ ಎಂಬ ಮಾತು ಗೊತ್ತಿದೆ. ಓದು ಬಾರದವರೂ ‘ಕಿಡ್ನಿ ಫೇಲು’ ಎನ್ನುತ್ತಾರೆ. ಆದ್ದರಿಂದ ಈ ಒಂದು ರೋಗವನ್ನೇ ಹಿಡಿದುಕೊಂಡು ದಾದಿಯರ ತಿಳಿವಳಿಕೆಯ ಚರಿತ್ರೆಯನ್ನು ನೋಡೋಣ.

ಯಂತ್ರಕ್ಕೆ ಮೊದಲು

ಮೂತ್ರಪಿಂಡಕ್ಕೆ ಉರ್ದುವಿನಲ್ಲಿ ‘ಗುರ್ದಾ’ ಎನ್ನುತ್ತಾರೆ. ಧೈರ್ಯದ ಕೆಲಸಕ್ಕೆ ‘ದಿಲ್ ಗುರ್ದಾ’ ಬೇಕು ಎಂಬ ಮಾತೂ ಇದೆ. ಅಂದರೆ ಎದೆಯ ಜೊತೆಗೆ ಈ ಎರಡು ಪುಟ್ಟ ಅಂಗಗಳಿಗೂ ಹಿರಿಯರು ದೊಡ್ಡ ಸ್ಥಾನ ಕೊಟ್ಟಿದ್ದರು. ಹಳೆಯ ಹಕೀಮರಿಗೆ ಗುರ್ದಾದ ಕಾಯಿಲೆಗಳು ಅಪರಿಚಿತವಲ್ಲ. ಹತ್ತನೇ ಶತಮಾನದ ಆರಂಭದವರೆಗೆ ಬದುಕಿದ್ದ ಅಲ್ ರಾಝಿ ಮೂತ್ರಪಿಂಡ ಮತ್ತು ಮೂತ್ರಕೋಶದ ಕಲ್ಲುಗಳ ಬಗ್ಗೆಯೇ ಪ್ರತ್ಯೇಕ ಪುಸ್ತಕ ಬರೆದಿದ್ದ. ಆದರೆ ಗುರ್ದಾ ಪೂರ್ತಿ ಸೋತಾಗ ಮಾಡಬಹುದಾದ್ದು ಯಾರ ಕೈಯಲ್ಲೂ ಇರಲಿಲ್ಲ. ಮುಖ ಊದಿಕೊಳ್ಳುತ್ತದೆ, ಕಾಲಿಗೆ ನೀರು ಇಳಿಯುತ್ತದೆ, ಊಟ ಸೇರುವುದಿಲ್ಲ, ಬಾಯಲ್ಲಿ ಒಂದು ಬಗೆಯ ವಾಸನೆ, ಮೈಯೆಲ್ಲ ತುರಿಕೆ, ಕೊನೆಗೆ ಮಂಪರು. ಊರಿನವರು ಇದನ್ನು ‘ನೀರು ತುಂಬಿಕೊಂಡಿತು’ ಎನ್ನುತ್ತಿದ್ದರು. ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಎಂಬ ವೈದ್ಯ 1827ರಲ್ಲಿ ಈ ಊತಕ್ಕೂ ಮೂತ್ರದಲ್ಲಿ ಪ್ರೋಟೀನು ಹೋಗುವುದಕ್ಕೂ ಕೆಟ್ಟ ಮೂತ್ರಪಿಂಡಕ್ಕೂ ಇರುವ ಸಂಬಂಧವನ್ನು ತೋರಿಸಿದ. ಆದರೂ ಮುಂದಿನ ನೂರು ವರ್ಷ ರೋಗಿಗೆ ಸಿಕ್ಕಿದ್ದು ಶುಶ್ರೂಷೆ ಮಾತ್ರ. ಉಪ್ಪು ಕಡಿಮೆ ಮಾಡು, ದಿಂಬು ಎತ್ತರಿಸು, ಬೆನ್ನಿನ ಮಗ್ಗುಲು ಬದಲಿಸು.

ಎರಡನೇ ಮಹಾಯುದ್ಧದ ಕಾಲ. ಜರ್ಮನರ ಹಿಡಿತದಲ್ಲಿದ್ದ ಹಾಲೆಂಡಿನ ಕಾಂಪೆನ್ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ವಿಲಿಯಂ ಕಾಲ್ಫ್ ಎಂಬ ಯುವ ವೈದ್ಯ 1943ರಲ್ಲಿ ತಾನು ಕಟ್ಟಿದ ಕೃತಕ ಮೂತ್ರಪಿಂಡವನ್ನು ರೋಗಿಗೆ ಜೋಡಿಸಿದ. ಆ ಯಂತ್ರ ಹೇಗಿತ್ತೆಂದು ಕೊಳ್ಳೇಗಾಲದವರಿಗೆ ಹೇಳುವುದು ಸುಲಭ. ರೇಷ್ಮೆ ಗೂಡುಗಳನ್ನು ಬಿಸಿನೀರಿನ ತೊಟ್ಟಿಯಲ್ಲಿ ಹಾಕಿ ಮೇಲೆ ಚರಕ ತಿರುಗಿಸಿ ನೂಲು ಬಿಚ್ಚುವುದನ್ನು ನಮ್ಮಲ್ಲಿ ನೋಡದವರಾರು? ಕಾಲ್ಫ್‌ನ ಯಂತ್ರವೂ ಅಂಥದೇ. ಒಂದು ತೊಟ್ಟಿಯ ತುಂಬ ಉಪ್ಪುನೀರು, ಅದರಲ್ಲಿ ಅರ್ಧ ಮುಳುಗಿ ತಿರುಗುವ ಮರದ ಪಟ್ಟಿಗಳ ಪೀಪಾಯಿ, ಅದರ ಸುತ್ತ ಸುತ್ತಿದ ಸೆಲ್ಲೋಫೇನ್ ಕೊಳವೆ. ಮಾಂಸದ ಸಾಸೇಜ್ ತುಂಬಲು ಬಳಸುತ್ತಿದ್ದ ಆ ತೆಳು ಕೊಳವೆಯೊಳಗೆ ರೋಗಿಯ ರಕ್ತ ಹರಿಯುತ್ತಿತ್ತು. ರಕ್ತದ ಕಣಗಳು ಒಳಗೇ ಉಳಿದು, ಯೂರಿಯಾದಂಥ ಕಲ್ಮಷ ಪೊರೆಯ ಮೂಲಕ ಉಪ್ಪುನೀರಿಗೆ ಇಳಿಯುತ್ತಿತ್ತು. ಇಂದಿನ ಯಂತ್ರ ಎಷ್ಟೇ ನಾಜೂಕಾಗಿರಲಿ, ಒಳಗಿನ ತತ್ವ ಇದೇ.

ಮೊದಲ ಹದಿನೈದಕ್ಕೂ ಹೆಚ್ಚು ರೋಗಿಗಳಲ್ಲಿ ಈ ಯಂತ್ರದಿಂದ ಬದುಕಿದರೆಂದು ಖಚಿತವಾಗಿ ಹೇಳಬಹುದಾದವರು ಯಾರೂ ಇರಲಿಲ್ಲ. 1945ರಲ್ಲಿ 67 ವರ್ಷದ ಒಬ್ಬ ಹೆಂಗಸು ಮಂಪರಿನಿಂದ ಎದ್ದು ಕಣ್ಣು ಬಿಟ್ಟಳು. ಆಕೆ ನಾಜಿಗಳ ಜೊತೆ ಕೈಜೋಡಿಸಿದ ಆರೋಪದ ಮೇಲೆ ಬಂಧನದಲ್ಲಿದ್ದವಳು, ಊರಿನವರು ದ್ವೇಷಿಸುತ್ತಿದ್ದವಳು. ಆದರೂ ಆಕೆಯ ಶುಶ್ರೂಷೆ ನಡೆಯಿತು. ರೋಗಿಯ ಪಕ್ಕ ನಿಂತವರು ರೋಗಿಯ ಪಕ್ಷ ಯಾವುದೆಂದು ಕೇಳಲಿಲ್ಲ. ನಮ್ಮ ಇಂದಿನ ದಿನಗಳಿಗೂ ಬೇಕಾದ ಪಾಠ ಇದು.

ಇನ್ನೊಂದು ಸಂಗತಿ ಇದೆ. ಕಾಲ್ಫ್ 1944ರಲ್ಲಿ ಪ್ರಕಟಿಸಿದ ಲೇಖನದ ಶಿರೋನಾಮೆಯ ಕೆಳಗೆ, ಸಹಕರಿಸಿದವರ ಸಾಲಿನಲ್ಲಿ ನರ್ಸ್ ತೆರ್ ವೆಲ್ಲೆ ಎಂಬ ಹೆಸರಿದೆ. ಕೃತಕ ಮೂತ್ರಪಿಂಡದ ಚರಿತ್ರೆಯ ಮೊದಲ ಪುಟದಲ್ಲೇ ಒಬ್ಬ ದಾದಿ ಇದ್ದಾಳೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಮುಂದೆ ಈ ಕಥೆಯನ್ನು ಹೇಳಿದವರಲ್ಲಿ ಎಷ್ಟು ಮಂದಿ ಆ ಹೆಸರನ್ನು ಉಳಿಸಿಕೊಂಡರು?

ದಾದಿಯ ಕೈಗೆ ಬಂದ ಯಂತ್ರ

ಕಾಲ್ಫ್‌ನ ಕಾಲದಲ್ಲಿ ಪ್ರತಿ ಸಲವೂ ಹೊಸ ರಕ್ತನಾಳವನ್ನು ಕೊಯ್ದು ಕೊಳವೆ ಹಾಕಬೇಕಾಗಿತ್ತು. ಹಾಗಾಗಿ ಡಯಾಲಿಸಿಸ್ ಕೆಲವೇ ದಿನಗಳ ಚಿಕಿತ್ಸೆಯಾಗಿತ್ತು. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯ ಟೆಫ್ಲಾನ್ ಕೊಳವೆಯೊಂದನ್ನು ತೋಳಿನಲ್ಲಿ ಕಾಯಂ ಆಗಿ ಉಳಿಸುವ ದಾರಿ ಕಂಡುಹಿಡಿದ. ಅವನ ಮೊದಲ ರೋಗಿ ಹನ್ನೊಂದು ವರ್ಷ ಬದುಕಿದ. ಅಲ್ಲಿಂದ ಡಯಾಲಿಸಿಸ್ ವಾರವಾರವೂ, ವರ್ಷವರ್ಷವೂ ನಡೆಯುವ ಚಿಕಿತ್ಸೆಯಾಯಿತು. 1966ರಲ್ಲಿ ನ್ಯೂಯಾರ್ಕಿನ ಬ್ರೆಶಿಯಾ, ಚಿಮಿನೋ ಮತ್ತು ಸಂಗಡಿಗರು ತೋಳಿನ ಅಪಧಮನಿಯನ್ನು ಅಭಿಧಮನಿಗೆ ಸೇರಿಸಿ ಹೊಲಿಯುವ ‘ಫಿಸ್ಟುಲಾ’ ವಿಧಾನ ಪ್ರಕಟಿಸಿದರು. ಇಂದಿಗೂ ರೋಗಿಗೆ ಅದೇ ಒಳ್ಳೆಯ ದಾರಿ.

ಚಿಕಿತ್ಸೆ ವರ್ಷಗಟ್ಟಲೆ ಬೆಳೆದಾಗ ಕೆಲಸವೂ ಕೈ ಬದಲಾಯಿಸಿತು. ವಾರಕ್ಕೆ ಎರಡು ಮೂರು ಸಲ, ಗಂಟೆಗಟ್ಟಲೆ ಮಂಚದ ಪಕ್ಕ ನಿಲ್ಲುವಷ್ಟು ವೈದ್ಯರು ಎಲ್ಲೂ ಇರಲಿಲ್ಲ. ಸಿಯಾಟಲ್‌ನಲ್ಲಿ 1962ರಲ್ಲಿ ತೆರೆದ ಕೇಂದ್ರದಲ್ಲಿ ದಿನದಿನದ ಚಿಕಿತ್ಸೆಯನ್ನು ನಡೆಸಿದವರು ದಾದಿಯರು. ಯಂತ್ರಗಳು ಕಡಿಮೆ, ರೋಗಿಗಳು ಹೆಚ್ಚು. ಯಾರಿಗೆ ಯಂತ್ರ ಕೊಡಬೇಕೆಂದು ತೀರ್ಮಾನಿಸಲು ಅಲ್ಲಿ ಊರಿನ ಏಳು ಜನರ ಸಮಿತಿಯೊಂದನ್ನು ಕೂರಿಸಿದ್ದರು. ಯಾರು ಬದುಕಬೇಕು, ಯಾರು ಸಾಯಬೇಕು ಎಂದು ಸಮಿತಿ ಆರಿಸುತ್ತಿದೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದು ದೊಡ್ಡ ಚರ್ಚೆಯಾಯಿತು. ಅಮೆರಿಕ ಸರ್ಕಾರ 1972ರಲ್ಲಿ ಡಯಾಲಿಸಿಸ್ ವೆಚ್ಚವನ್ನು ವಹಿಸಿಕೊಳ್ಳುವ ಕಾಯಿದೆ ಮಾಡಿದ ಮೇಲೆ ಅಂಥ ಸಮಿತಿಗಳ ಅಗತ್ಯ ಅಲ್ಲಿ ಮುಗಿಯಿತು.

ನಮ್ಮಲ್ಲಿ? ನಮ್ಮ ಸೀಮೆಗೆ ಹತ್ತಿರದ ದೊಡ್ಡ ಉದಾಹರಣೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು. 1960ರ ದಶಕದ ಆರಂಭದಲ್ಲಿ ಅಲ್ಲಿ ಡಯಾಲಿಸಿಸ್ ಶುರುವಾಯಿತು. 1971ರಲ್ಲಿ ಮೂತ್ರಪಿಂಡದ ಯಶಸ್ವಿ ಕಸಿಯೂ ಅಲ್ಲೇ ಆಯಿತು. ಇದಕ್ಕೆ ಅರ್ಧ ಶತಮಾನ ಮೊದಲೇ, 1909ರಲ್ಲಿ, ಇಡಾ ಸ್ಕಡ್ಡರ್ ಅಲ್ಲಿ ದಾದಿಯರ ಶಾಲೆ ತೆರೆದಿದ್ದರು ಎಂಬುದನ್ನು ಮರೆಯಬಾರದು. ಮೊದಲು ದಾದಿಯರು ಬಂದರು, ಆಮೇಲೆ ಯಂತ್ರ ಬಂತು. ನಮ್ಮ ತಾಲೂಕುಗಳಲ್ಲಿ ಈ ಕ್ರಮ ತಲೆಕೆಳಗಾಯಿತೇನೋ ಎಂಬ ಅನುಮಾನ ನಮಗಿದೆ.

ನಮ್ಮ ಸೀಮೆಗೆ ಬಂದ ದಾದಿಯರು

ಈ ಮೂರು ತಾಲೂಕುಗಳ ರಾಜಕೀಯ ಚರಿತ್ರೆ ಒಂದೇ ಅಲ್ಲ. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಸಿಕ್ಕ ಜಹಗೀರು. ಹನೂರನ್ನು ಒಳಗೊಂಡಿದ್ದ ಕೊಳ್ಳೇಗಾಲ, ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು, ಹನೂರು ಪ್ರತ್ಯೇಕ ತಾಲೂಕಾದದ್ದು ತೀರ ಈಚೆಗೆ. ಎರಡು ಆಡಳಿತಗಳ ಅಂಚಿನಲ್ಲಿದ್ದ ಕಾಡು ಸೀಮೆಗೆ ಆಸ್ಪತ್ರೆ ಯಾವತ್ತೂ ದೂರವೇ. ಮಲೆಮಹದೇಶ್ವರ ಬೆಟ್ಟದಿಂದ ಕೊಳ್ಳೇಗಾಲಕ್ಕೆ ಸುಮಾರು 80 ಕಿಲೋಮೀಟರು. ಕೊಳ್ಳೇಗಾಲದಿಂದ ಮೈಸೂರಿಗೆ ಇನ್ನೂ 60.

ಸ್ವಾತಂತ್ರ್ಯದ ಹೊತ್ತಿಗೆ ದೇಶದ ಸ್ಥಿತಿಯೇ ಹೇಳಿಕೊಳ್ಳುವಂತಿರಲಿಲ್ಲ. 1946ರ ಭೋರ್ ಸಮಿತಿಯ ವರದಿ 43,000 ಜನರಿಗೆ ಒಬ್ಬ ದಾದಿ ಎಂದು ಲೆಕ್ಕ ಕೊಟ್ಟಿತು. ಇಷ್ಟು ಕಡಿಮೆ ಏಕೆ? ಹಣದ ಕೊರತೆ ಒಂದು ಕಾರಣ. ಮೇಲ್ಜಾತಿಯ ಹಿಂದೂಗಳು ಮೈಲಿಗೆಯೆಂದು ಹೆಣ್ಣುಮಕ್ಕಳನ್ನು ಕಳಿಸಲಿಲ್ಲ. ನಾವು ಮುಸ್ಲಿಮರು ಪರದೆಯೆಂದು ಕಳಿಸಲಿಲ್ಲ. ಮಲ ಮೂತ್ರ ಬಳಿಯುವ, ಪರಗಂಡಸನ್ನು ಮುಟ್ಟುವ, ರಾತ್ರಿ ಮನೆಯ ಹೊರಗಿರುವ ಕೆಲಸವೆಂದು ಎಲ್ಲರೂ ಮೂಗು ಮುರಿದರು. ಆ ಕೆಲಸಕ್ಕೆ ಬಂದವರು ಹೆಚ್ಚಾಗಿ ಕ್ರೈಸ್ತ ಹೆಣ್ಣುಮಕ್ಕಳು. ‘ಸಿಸ್ಟರ್’ ಎಂಬ ಶಬ್ದ ಕನ್ನಡದ ಹಳ್ಳಿ ಹಳ್ಳಿಗೂ ಇಳಿದದ್ದರ ಹಿಂದೆ ಈ ಚರಿತ್ರೆ ಇದೆ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯ ಕಾಮಗೆರೆಯಲ್ಲಿ ಹೋಲಿ ಕ್ರಾಸ್ ಸಿಸ್ಟರ್‌ಗಳ ಆಸ್ಪತ್ರೆ ಇದೆ. ಆ ಭಾಗದ ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಎಲ್ಲರ ಬಾಯಲ್ಲೂ ಅದು ‘ಕಾಮಗೆರೆ ಆಸ್ಪತ್ರೆ’.

2018ರ ಡಿಸೆಂಬರ್ 14ರಂದು ಹನೂರು ತಾಲೂಕಿನ ಸುಳವಾಡಿಯಲ್ಲಿ ಕಿಚ್ಚುಗುತ್ತಿ ಮಾರಮ್ಮನ ಪ್ರಸಾದಕ್ಕೆ ಕೀಟನಾಶಕ ಬೆರೆಸಿದ ದುರಂತವನ್ನು ಓದುಗರು ಮರೆತಿರಲಾರರು. ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, 17 ಮಂದಿ ತೀರಿಕೊಂಡರು. ರೋಗಿಗಳನ್ನು ಕಾಮಗೆರೆಗೆ, ಕೊಳ್ಳೇಗಾಲಕ್ಕೆ, ಅಲ್ಲಿಂದ ಮೈಸೂರಿಗೆ ಹೊತ್ತು ತಂದರು. ಅದು ಮೂತ್ರಪಿಂಡದ ಕಾಯಿಲೆಯಲ್ಲ, ನಿಜ. ಆದರೆ ಈ ಸೀಮೆಯಲ್ಲಿ ಮೊದಲ ಒಂದು ಗಂಟೆ ರೋಗಿಯ ಜೀವ ಯಾರ ಕೈಯಲ್ಲಿರುತ್ತದೆ ಎಂಬುದನ್ನು ಆ ದಿನ ತೋರಿಸಿತು.

ಯಳಂದೂರಿನ ಕಡೆ ಬೇರೊಂದು ಕಥೆ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿದರು; 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿ ಯಳಂದೂರು ತಾಲೂಕಿನ ಕುಷ್ಠರೋಗಿಗಳ ಸೇವೆಗೆ ಇಳಿಯಿತು; 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ವಹಿಸಿಕೊಂಡಿತು. ಇದರಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಸೋಲಿಗರ ಹೆಣ್ಣುಮಕ್ಕಳಿಗೆ ಸಹಾಯಕ ದಾದಿಯರ ತರಬೇತಿ ಕೊಟ್ಟದ್ದು. ಸೋಲಿಗರಲ್ಲಿ ಕುಡುಗೋಲು ಕಣ ರಕ್ತಹೀನತೆ ಇದೆ, ಅದು ಕಾಲಾಂತರದಲ್ಲಿ ಮೂತ್ರಪಿಂಡವನ್ನೂ ಕೆಡಿಸಬಲ್ಲುದು. ಪೋಡಿನ ಭಾಷೆಯಲ್ಲೇ ಮಾತಾಡುವ ದಾದಿ ಅದನ್ನು ಬೇಗ ಗುರುತಿಸಬಲ್ಲಳು. ಹೊರಗಿನಿಂದ ಬಂದ ತಿಳಿವಳಿಕೆ ಒಳಗಿನವರ ನಾಲಗೆಗೆ ಇಳಿದಾಗಲೇ ಅದು ಊರಿನದಾಗುತ್ತದೆ.

ಹಾವು, ಬೇರು, ಗುಳಿಗೆ

ಕಿಡ್ನಿ ಕೆಡಲು ಮುಖ್ಯ ಕಾರಣ ಸಕ್ಕರೆ ಕಾಯಿಲೆ, ರಕ್ತದೊತ್ತಡ. ಇದು ಪಟ್ಟಣಕ್ಕೂ ಹಳ್ಳಿಗೂ ಒಂದೇ. ಆದರೆ ಹೊಲ ಕಾಡು ಸೇರಿದ ನಮ್ಮ ಸೀಮೆಯಲ್ಲಿ ಇನ್ನೊಂದು ದಾರಿಯೂ ಇದೆ. ಅದು ಕೊಳಕುಮಂಡಲದ ಕಡಿತ. ಈ ಹಾವಿನ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸಿ, ಮೂತ್ರಪಿಂಡಗಳನ್ನು ದಿಢೀರನೆ ನಿಲ್ಲಿಸಿಬಿಡುತ್ತದೆ. ಇಲ್ಲಿ ದಾದಿಯ ಎರಡು ಕೆಲಸಗಳು ಜೀವ ಉಳಿಸುತ್ತವೆ. ಮೊದಲನೆಯದು, ಒಣಗಿದ ಶುದ್ಧ ಗಾಜಿನ ಕೊಳವೆಯಲ್ಲಿ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡುವುದು. ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ. ಎರಡನೆಯದು, ರೋಗಿ ಎಷ್ಟು ಮೂತ್ರ ಮಾಡಿದ ಎಂದು ಗಂಟೆಗಂಟೆಗೆ ಅಳೆದು ಬರೆಯುವುದು. ಮೂತ್ರ ಕಡಿಮೆಯಾದದ್ದನ್ನು ಬೇಗ ಕಂಡವಳು ರೋಗಿಯನ್ನು ಬೇಗ ಡಯಾಲಿಸಿಸ್ ಇರುವಲ್ಲಿಗೆ ಕಳಿಸಬಲ್ಲಳು. ಇಂಥ ರೋಗಿಗಳಲ್ಲಿ ಅನೇಕರಿಗೆ ಕೆಲವು ವಾರಗಳ ಡಯಾಲಿಸಿಸ್ ಸಾಕು, ಮೂತ್ರಪಿಂಡ ಮತ್ತೆ ಕೆಲಸ ಶುರು ಮಾಡುತ್ತದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಸರಿಯಾದ ಹೆಜ್ಜೆ.

ಹಳ್ಳಿಗಳಲ್ಲಿ ಹಾವು ಕಡಿತಕ್ಕೆ ಈಶ್ವರಿ ಬೇರು ಅರೆದು ಕುಡಿಸುವ ರೂಢಿ ಇದೆ. ಆ ಬಳ್ಳಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡಕ್ಕೆ ವಿಷವೆಂದು ಈಗ ವಿಜ್ಞಾನಕ್ಕೆ ಗೊತ್ತು. ಅಂದರೆ ಹಾವಿನ ವಿಷದ ಮೇಲೆ ಬೇರಿನ ವಿಷ. ಇನ್ನು ಚರಕದ ಮುಂದೆ ದಿನವಿಡೀ ದುಡಿಯುವವರು, ಕೂಲಿಯವರು ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ನೋವಿನ ಗುಳಿಗೆಗಳಿವೆ. ವರ್ಷಗಟ್ಟಲೆ ನುಂಗಿದರೆ ಅವೂ ಕಿಡ್ನಿಯನ್ನು ತಿನ್ನುತ್ತವೆ. ನಾಟಿ ಔಷಧವೆಲ್ಲ ಕೆಟ್ಟದ್ದೆಂದೋ ಇಂಗ್ಲಿಷ್ ಔಷಧವೆಲ್ಲ ಒಳ್ಳೆಯದೆಂದೋ ನಾವು ಹೇಳುತ್ತಿಲ್ಲ. ಏನನ್ನು, ಎಷ್ಟು ದಿನ ನುಂಗಿದ್ದೀರಿ ಎಂದು ಬೈಯದೆ ಕೇಳುವ ಒಬ್ಬಳು ಬೇಕು. ವೈದ್ಯರ ಮುಂದೆ ಮುಚ್ಚಿಡುವುದನ್ನು ರೋಗಿ ಸಿಸ್ಟರ್ ಮುಂದೆ ಹೇಳಿಕೊಳ್ಳುತ್ತಾನೆ.

ನಾಲ್ಕು ಗಂಟೆಯ ಹೊತ್ತು

ನಮ್ಮ ಬಂಧುಗಳಲ್ಲಿ ಹಿರಿಯರೊಬ್ಬರು ಡಯಾಲಿಸಿಸ್‌ಗೆಂದು ವಾರಕ್ಕೆ ಎರಡು ದಿನ ಬೆಳಗಿನ ಜಾವದ ಬಸ್ಸಿನಲ್ಲಿ ಮೈಸೂರಿಗೆ ಹೋಗುತ್ತಿದ್ದರು. ವೈದ್ಯರು ವಾರಕ್ಕೆ ಮೂರು ಸಲ ಎಂದಿದ್ದರು. ಕೈ ಎರಡಕ್ಕೇ ಸೋತಿತ್ತು. 2016ರ ಕೇಂದ್ರ ಬಜೆಟ್ ಭಾಷಣದಲ್ಲಿ ಅರುಣ್ ಜೇಟ್ಲಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆ ಘೋಷಿಸಿದಾಗ ಕೊಟ್ಟ ಅಂಕಿಗಳಿವು: ದೇಶದಲ್ಲಿ ಪ್ರತಿ ವರ್ಷ 2.2 ಲಕ್ಷ ಹೊಸ ರೋಗಿಗಳು, ಒಂದು ಸಲಕ್ಕೆ ಸುಮಾರು 2,000 ರೂಪಾಯಿ, ವರ್ಷಕ್ಕೆ 3 ಲಕ್ಷಕ್ಕೂ ಹೆಚ್ಚು. ಬಸ್ ಚಾರ್ಜು, ಜೊತೆಗೆ ಬರುವವರ ಆ ದಿನದ ಕೂಲಿ ಇದರಲ್ಲಿ ಸೇರಿಲ್ಲ. ಸಿಯಾಟಲ್‌ನ ಏಳು ಜನರ ಸಮಿತಿ ಮಾಡುತ್ತಿದ್ದ ಕೆಲಸವನ್ನು ನಮ್ಮಲ್ಲಿ ಬಡತನವೇ ಸದ್ದಿಲ್ಲದೆ ಮಾಡುತ್ತಿತ್ತು.

2017ರಿಂದ ಈಚೆಗೆ ರಾಜ್ಯದ ತಾಲೂಕು ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಘಟಕಗಳು ಹರಡಿದವು, ಕೊಳ್ಳೇಗಾಲಕ್ಕೂ ಬಂತು. ನಮ್ಮ ಬಂಧುವಿಗೆ ಮೈಸೂರಿನ ಬಸ್ಸು ತಪ್ಪಿತು. ಅವರ ಜೊತೆ ಹೋಗಿ ಕೂತ ದಿನಗಳಲ್ಲಿ ನಾವು ಕಂಡದ್ದನ್ನು ಸ್ವಲ್ಪ ವಿವರವಾಗಿ ಬರೆಯಬೇಕು.

ಮೊದಲು ತೂಕ. ಕಳೆದ ಸಲ ಮನೆಗೆ ಹೋದಾಗಿನ ತೂಕಕ್ಕೂ ಇಂದಿನ ತೂಕಕ್ಕೂ ಇರುವ ವ್ಯತ್ಯಾಸವೇ ಮೈಯಲ್ಲಿ ನಿಂತ ನೀರು. ಒಂದು ಕಿಲೋ ಅಂದರೆ ಒಂದು ಲೀಟರ್.

“ಏನ್ ಸಾಬ್ರೆ, ಮೂರು ಕೆಜಿ ಏರಿಸ್ಕಂಡು ಬಂದಿದ್ದೀರಲ್ಲ, ಎಳನೀರ ಕುಡುದ್ರಾ?”

“ಒಂದೇ ಒಂದು ಕಣಮ್ಮ, ಬಿಸಿಲು ನೋಡು ಹೆಂಗೈತೆ.”

“ಒಂದ್ ಕುಡುದ್ರೂ ಅದು ಎದೆಗೇ ಹೊಡೆಯೋದು. ಬ್ಯಾಡ ಅಂತ ಹೇಳಿರಲಿಲ್ವಾ?”

ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಆರೋಗ್ಯವಂತನಿಗೆ ಅಮೃತವಾದದ್ದು ಕಿಡ್ನಿ ಸೋತವನಿಗೆ ಹೃದಯವನ್ನೇ ನಿಲ್ಲಿಸಬಹುದು. ಬಾಳೆಹಣ್ಣೂ ಹಾಗೆಯೇ. ನಾವು ಅಯಾದತ್‌ಗೆಂದು ಎಳನೀರು, ಬಾಳೆಹಣ್ಣು ಹಿಡಿದು ಹೋಗುತ್ತೇವಲ್ಲ, ಯೋಚಿಸಬೇಕು. ಅವರ ಹೆಂಡತಿಗೆ ಸಿಸ್ಟರ್ ಹೇಳುತ್ತಿದ್ದ ಇನ್ನೊಂದು ಮಾತು ನಮ್ಮ ಅಡಿಗೆ ಮನೆಯನ್ನು ಬಲ್ಲವರು ಮಾತ್ರ ಹೇಳಬಲ್ಲದ್ದು: “ಸೊಪ್ಪು ಬೇಯಿಸಿ ನೀರ ಬಸಿದು ಚೆಲ್ಲಿಬುಡಿ ಅಮ್ಮ. ಆ ನೀರಲ್ಲಿ ಬಸ್ಸಾರು ಮಾಡ್ಬೇಡಿ.” ತರಕಾರಿಯ ಪೊಟ್ಯಾಸಿಯಂ ಬೇಯಿಸಿದ ನೀರಿಗೆ ಇಳಿಯುತ್ತದೆ. ಬಸ್ಸಾರಿನಲ್ಲಿ ನಾವು ಉಳಿಸಿಕೊಳ್ಳುವುದು ಆ ನೀರನ್ನೇ. ಯಾವ ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಬಸ್ಸಾರಿನ ಮಾತಿದೆ?

ಆಮೇಲೆ ತೋಳು. ಫಿಸ್ಟುಲಾ ಇರುವ ಜಾಗದ ಮೇಲೆ ಆಕೆ ಅಂಗೈ ಇಡುತ್ತಾಳೆ. ರಕ್ತ ಜೋರಾಗಿ ಹರಿಯುತ್ತಿದ್ದರೆ ಚರ್ಮದ ಕೆಳಗೆ ಸಣ್ಣ ಕಂಪನ ತಿಳಿಯುತ್ತದೆ. ಆ ಕಂಪನ ನಿಂತರೆ ನಾಳ ಮುಚ್ಚಿಕೊಂಡಿದೆ, ಗಂಟೆಗಳೊಳಗೆ ದೊಡ್ಡ ಆಸ್ಪತ್ರೆಗೆ ಓಡಬೇಕು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಮುಟ್ಟಿ ನೋಡಿಕೊಳ್ಳಬೇಕೆಂದು ಪ್ರತಿ ರೋಗಿಗೂ ಕಲಿಸುತ್ತಾಳೆ. ಆ ಕೈಯಲ್ಲಿ ಬಿ.ಪಿ. ನೋಡಿಸಬಾರದು, ರಕ್ತ ತೆಗೆಸಬಾರದು, ಬಿಗಿ ಬಳೆ, ಗಡಿಯಾರ ಬೇಡ, ಅದರ ಮೇಲೆ ತಲೆಯಿಟ್ಟು ಮಲಗಬಾರದು, ಭಾರದ ಚೀಲ ನೇತುಹಾಕಬಾರದು.

ನಂತರದ ನಾಲ್ಕು ಗಂಟೆಯಲ್ಲಿ ಯಂತ್ರದೊಳಗೆ ಸುಮಾರು 120 ಲೀಟರ್ ಶುದ್ಧ ದ್ರಾವಣ ಹರಿಯುತ್ತದೆ. ಆ ನೀರಿನಲ್ಲಿ ಕ್ಲೋರಿನ್ ಅಂಶ ಉಳಿದರೆ ರಕ್ತಕಣಗಳೇ ಒಡೆಯುತ್ತವೆ, ಆದ್ದರಿಂದ ನೀರಿನ ಪರೀಕ್ಷೆ ತಪ್ಪಿಸುವಂತಿಲ್ಲ. ಹೆಪಟೈಟಿಸ್ ಬಿ ಇರುವವರ ಯಂತ್ರ ಬೇರೆ. ಹೆಚ್ಚು ನೀರನ್ನು ಬೇಗ ಎಳೆದರೆ ರಕ್ತದೊತ್ತಡ ಕುಸಿಯುತ್ತದೆ. ಯಂತ್ರ ಕೂಗುವುದಕ್ಕೆ ಮೊದಲೇ ರೋಗಿ ಆಕಳಿಸುತ್ತಾನೆ, ಬೆವರುತ್ತಾನೆ, ಮಾತು ನಿಲ್ಲಿಸುತ್ತಾನೆ. ಅನುಭವಿ ದಾದಿ, ಅನುಭವಿ ಟೆಕ್ನೀಷಿಯನ್ ಆ ಆಕಳಿಕೆಯಲ್ಲೇ ಎಚ್ಚರಾಗುತ್ತಾರೆ. ಕರೆಂಟು ಹೋಗಿ ಬ್ಯಾಟರಿಯೂ ಕೈಕೊಟ್ಟರೆ ಪಂಪಿನ ಹಿಡಿಯನ್ನು ಕೈಯಲ್ಲಿ ತಿರುಗಿಸಿ ಹೊರಗಿರುವ ರಕ್ತವನ್ನು ಮೈಗೆ ಮರಳಿಸಬೇಕು. ಚರಕ ತಿರುಗಿಸಿದ ಕೈಗಳ ಊರಿನಲ್ಲಿ ಇದೂ ಒಂದು ಚರಕ.

ನಮ್ಮ ಮನೆಯೊಳಗಿನ ಮಾತು

ಮುಸ್ಲಿಂ ಮನೆಗಳಲ್ಲಿ ಕೆಲವು ಪ್ರಶ್ನೆಗಳು ಬೇರೆ. ರಂಜಾನ್ ಬಂದರೆ ಹಿರಿಯರು ರೋಜಾ ಬಿಡಲು ಒಪ್ಪುವುದಿಲ್ಲ. ಕುರ್‌ಆನ್ ರೋಗಿಗಳಿಗೆ ವಿನಾಯಿತಿ ಕೊಟ್ಟಿದೆ. ವಾಸಿಯಾಗದ ಕಾಯಿಲೆಯಿದ್ದವರು ಬಡವನಿಗೆ ಊಟ ಕೊಟ್ಟು ಫಿದ್ಯಾ ಸಲ್ಲಿಸಬಹುದೆಂದು ಉಲಮಾಗಳು ಹೇಳುತ್ತಾರೆ. ರೋಜಾ ಹಿಡಿಯದವರೂ ಇಫ್ತಾರಿನ ದಸ್ತರ್‌ಖಾನಿನ ಮುಂದೆ ಕೂತು ಖರ್ಜೂರ, ಶರಬತ್ತು, ಹಣ್ಣಿಗೆ ಕೈ ಹಾಕುತ್ತಾರೆ. ಖರ್ಜೂರದಲ್ಲೂ ಪೊಟ್ಯಾಸಿಯಂ ಇದೆ, ಶರಬತ್ತು ಲೆಕ್ಕಕ್ಕೆ ಸೇರುವ ನೀರು. ವುಝೂ ಮಾಡುವಾಗ ವಾಸಿಯಾದ ಫಿಸ್ಟುಲಾದ ಕೈ ತೊಳೆದರೆ ತೊಂದರೆಯಿಲ್ಲ, ಅದು ಶುಚಿಯಾಗಿರುವುದೇ ಒಳ್ಳೆಯದು. ಆದರೆ ಕುತ್ತಿಗೆಯಲ್ಲಿ ಕೊಳವೆ ಹಾಕಿದವರ ಪಟ್ಟಿ ಒದ್ದೆಯಾದರೆ ಸೋಂಕು ನೇರ ರಕ್ತಕ್ಕೆ ಇಳಿಯುತ್ತದೆ. ಗಾಯದ ಪಟ್ಟಿಗೆ ನೀರು ತಾಗಿಸದೆ ಇರಲು ಶರೀಅತ್ತಿನಲ್ಲೇ ದಾರಿಯಿದೆ. ಈ ಮಾತುಗಳನ್ನು ಒಂದು ಜುಮಾ ದಿನ ಮಸೀದಿಯಲ್ಲಿ ಹೇಳಿದರೆ ಎಷ್ಟು ಜೀವಗಳಿಗೆ ಉಪಕಾರ!

ಇನ್ನೂ ಕಹಿಯಾದ ಮಾತೊಂದಿದೆ. ಹಿಜರಿ 5ರ ಖಂದಕ್ ಯುದ್ಧದಲ್ಲಿ ಸಅದ್ ಇಬ್ನ್ ಮುಆದ್ ಗಾಯಗೊಂಡಾಗ ಪ್ರವಾದಿಯವರು ಅವರನ್ನು ಮದೀನಾದ ಮಸೀದಿಯ ಬಳಿ ರುಫೈದಾ ಎಂಬ ಮಹಿಳೆಯ ಡೇರೆಗೆ ಕಳಿಸಿದರು. ಗಾಯಾಳುಗಳ ಶುಶ್ರೂಷೆಗೆಂದೇ ಇದ್ದ ಡೇರೆ ಅದು. ಭಾಷಣಗಳಲ್ಲಿ ನಾವು ರುಫೈದಾರ ಹೆಸರನ್ನು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಮಗಳು ನರ್ಸಿಂಗ್ ಓದುತ್ತೇನೆಂದರೆ ‘ನಿಕಾಹ್ ಕಷ್ಟವಾಗುತ್ತದೆ’ ಎನ್ನುತ್ತೇವೆ. ಕ್ರೈಸ್ತರ, ದಲಿತರ, ಸೋಲಿಗರ ಹೆಣ್ಣುಮಕ್ಕಳ ಕೈಯಿಂದ ಸೇವೆ ಪಡೆಯಲು ನಮಗೆ ಸಂಕೋಚವಿಲ್ಲ, ನಮ್ಮ ಮಕ್ಕಳ ಕೈಯನ್ನು ಕೊಡಲು ಸಂಕೋಚ. ಈಗ ಕೆಲವರು ಆ ಗೆರೆ ದಾಟಿ ಬರುತ್ತಿದ್ದಾರೆ. ಅವರನ್ನು ತಡೆಯದಿದ್ದರೆ ಸಾಕು.

ಸರ್ಕಾರದ ಮುಂದಿಡಬೇಕಾದ ಮಾತೂ ಇದೆ. ಡಯಾಲಿಸಿಸ್ ಘಟಕಗಳನ್ನು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟ ಮೇಲೆ ಸಿಬ್ಬಂದಿಗೆ ಸಂಬಳ ತಡವಾದ, ಸಾಮಗ್ರಿ ಸಾಲದ ಸುದ್ದಿಗಳು ರಾಜ್ಯದ ಹಲವು ಕಡೆಯಿಂದ ಪತ್ರಿಕೆಗಳಲ್ಲಿ ಬಂದವು. ಒಬ್ಬ ರೋಗಿಯ ಡಯಲೈಸರ್ ತೊಳೆದು ಅವನಿಗೇ ಮತ್ತೆ ಮತ್ತೆ ಬಳಸುವ ಪದ್ಧತಿಯ ಬದಲು ಒಂದೇ ಸಲ ಬಳಸುವ ಪದ್ಧತಿಗೆ ರಾಜ್ಯ 2024ರಲ್ಲಿ ಹೊರಳಿತು. ಒಳ್ಳೆಯದೇ. ಡಯಲೈಸರ್ ಹೊಸದಾದಂತೆ ಅದರ ಪಕ್ಕ ನಿಲ್ಲುವವರ ಬದುಕಿಗೂ ಭದ್ರತೆ ಬೇಕಲ್ಲವೇ? ಗುತ್ತಿಗೆ ಮುಗಿದು ಅನುಭವಿ ಸಿಬ್ಬಂದಿ ಬಿಟ್ಟುಹೋದರೆ ಹೋಗುವುದು ಒಂದು ಹುದ್ದೆ ಮಾತ್ರವಲ್ಲ. ಯಾರ ಆಕಳಿಕೆ ಅಪಾಯದ್ದು, ಯಾರ ಮನೆಯಲ್ಲಿ ಇನ್ನೂ ಬಸ್ಸಾರು ನಡೆಯುತ್ತಿದೆ ಎಂಬ ತಿಳಿವಳಿಕೆಯೂ ಹೋಗುತ್ತದೆ. ಅದನ್ನು ಹೊಸ ಟೆಂಡರಿನಲ್ಲಿ ಕೊಳ್ಳಲಾಗದು.

ನಮ್ಮ ಬಂಧು ಈಗಿಲ್ಲ. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಅವರು ಡಯಾಲಿಸಿಸ್ ಮೇಲೆ ಆರು ವರ್ಷ ಬದುಕಿದರು. ಆ ಅವಧಿಯಲ್ಲಿ ಒಬ್ಬ ಮಗಳ ಮದುವೆ ಮಾಡಿದರು, ಮೊಮ್ಮಗನಿಗೆ ಅಲಿಫ್ ಬೇ ಕಲಿಸಿದರು. ಜನಾಜಾದ ದಿನ ಘಟಕದ ಸಿಸ್ಟರ್ ಡ್ಯೂಟಿ ಮುಗಿಸಿ ಬಂದು ಹೆಂಗಸರ ನಡುವೆ ಸ್ವಲ್ಪ ಹೊತ್ತು ಕೂತು ಹೋದರು. ಹೋಗುವಾಗ ಅವರ ಹೆಂಡತಿಯ ಕಾಲಿನ ಊತ ನೋಡಿ, “ಅಮ್ಮ, ನಾಳೆ ಬಂದು ಒಂದ್ಸಲ ಬಿ.ಪಿ. ತೋರ್ಸಿ, ಮರೀಬ್ಯಾಡಿ” ಎಂದರು. ಮರುದಿನ ತೋರಿಸಿದಾಗ ಬಿ.ಪಿ. ಏರಿತ್ತು. ಅಂದಿನಿಂದ ಅವರು ಗುಳಿಗೆ ತಪ್ಪಿಸಿಲ್ಲ.